ಹತ್ತನೇ ತಿಂಗಳ ಜಿಂಕೆ

ನನ್ನ ತಾಯಿ ಫುಸಾಯೆಯ ಸಾವಿಗೆ ಯುನೊಸೆಯ ಬಿಸಿನೀರ ಬುಗ್ಗೆಗಳ ಬೀದಿ ಇಡೀ ಬಂದಿತ್ತು. ಬಾರದೆ ವಿಧಿಯಿರಲಿಲ್ಲ. ನಮ್ಮಲ್ಲಿ ಒಂದು ಮನೆಯನ್ನು ಊರೊಟ್ಟಿನಿಂದ ಹೊರಗಿಟ್ಟರೆ ಹತ್ತು ವ್ಯವಹಾರಗಳಲ್ಲಿ ಎಂಟನ್ನು ನಿಲ್ಲಿಸಿ ಎರಡನ್ನು ಉಳಿಸಿಕೊಳ್ಳುತ್ತಾರೆ. ಬೆಂಕಿ ಬಿದ್ದರೆ ಆರಿಸಲು ಬರುತ್ತಾರೆ, ಸಾವಾದರೆ ಎತ್ತಲು ಬರುತ್ತಾರೆ. ಬೆಂಕಿ ಪಕ್ಕದ ಮನೆಗೆ ಹಬ್ಬುತ್ತದೆ, ಹೆಣ ಬೀದಿಗೆ ನಾರುತ್ತದೆ, ಅದಕ್ಕೆ.

ಎಲ್ಲರೂ ಇಸ್ತ್ರಿ ಮಾಡಿದ ಕಪ್ಪು ಬಟ್ಟೆಯಲ್ಲಿದ್ದರು. ಸುಯಿಗೆತ್ಸು ವಸತಿಗೃಹದ ಯಜಮಾನ ಓತಾಕಿ ಎಲ್ಲರಿಗಿಂತ ಮೊದಲು ಮುಂದೆ ಬಂದು, ಧೂಪದ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಹಣೆಯ ಮಟ್ಟಕ್ಕೆತ್ತಿ ಕೆಂಡಕ್ಕೆ ಉದುರಿಸಿದರು. ಕೈ ಮುಗಿದರು. ತಲೆ ಎತ್ತುವಾಗ ಎದುರಿಗಿದ್ದ ಅಮ್ಮನ ಫೋಟೋ ಕಣ್ಣಿಗೆ ಬೀಳದಂತೆ ಕತ್ತು ಹೊರಳಿಸಿ ಹಿಂದಿನ ಗೋಡೆ ನೋಡಿದರು. ಪಕ್ಕದಲ್ಲೇ ಮಂಡಿಯೂರಿ ಕೂತಿದ್ದ ನಾನು ಆ ಕತ್ತು ಎಷ್ಟು ತಿರುಗಿತು, ಗದ್ದ ಎಷ್ಟು ಮೇಲೇರಿತು, ಕಿವಿಯ ಹಿಂದೆ ಚರ್ಮ ಹೇಗೆ ಮಡಿಚಿಕೊಂಡಿತು ಎಂಬುದನ್ನೆಲ್ಲ ನೋಡಿಟ್ಟುಕೊಂಡೆ. ಅಮ್ಮ ನಿಂತ ಜಾಗದಲ್ಲೇ, ಇದೇ ಬೀದಿಯಲ್ಲಿ, ಈ ಮನುಷ್ಯ ಒಂದು ದಿನ ನಿಲ್ಲಬೇಕು. ಅದನ್ನು ನಾನು ನೋಡಬೇಕು. ಧೂಪದ ಹೊಗೆಯಲ್ಲಿ ಕೂತು ನಾನು ಬಯಸಿದ್ದು ಅಷ್ಟನ್ನೇ.

ಅಮ್ಮ ಸುಯಿಗೆತ್ಸುವಿನಲ್ಲಿ ಅತಿಥಿಗಳ ಕೋಣೆಗೆ ಊಟ ಒಯ್ಯುವ, ಹಾಸಿಗೆ ಹಾಸುವ ಕೆಲಸದಲ್ಲಿದ್ದಳು. ಒಬ್ಬ ಅತಿಥಿ ಸ್ನಾನ ಮುಗಿಸಿ ಬಂದವನು, "ಇದು ನಿಜವಾಗಲೂ ಬುಗ್ಗೆ ನೀರೇನಮ್ಮ?" ಎಂದು ಕೇಳಿದ. "ಅಲ್ಲ ಸ್ವಾಮಿ, ಬುಗ್ಗೆ ಸೊರಗಿದೆ. ಇದು ನಲ್ಲಿ ನೀರು ಕಾಯಿಸಿದ್ದು" ಎಂದು ಹೇಳಿ ಅನ್ನ ಬಡಿಸಿದಳು. ಕೇಳಿದ್ದಕ್ಕೆ ಹೇಳಿದಳು, ಅಷ್ಟೆ. ಅವಳಿಗೆ ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತಿತ್ತು, ಅದರ ಮುಜುಗರ ಬೇಡವೆನಿಸಿರಬೇಕು. ಆ ಅತಿಥಿ ಪತ್ರಿಕೆಗೆ ಬರೆದ. ಕೆಲಸ ಬಿಡಿಸಿದ್ದಕ್ಕೆ ಹೆಂಗಸು ಕಟ್ಟಿದ ಕತೆ ಇದು ಎಂದು ಓತಾಕಿ ಹೇಳಿಕೆ ಕೊಟ್ಟರು. ಅವಳನ್ನು ಕೆಲಸದಿಂದ ಬಿಡಿಸಿದ್ದು ಆ ಹೇಳಿಕೆ ಕೊಟ್ಟಾದ ಮೇಲೆ.

ಅಮ್ಮನಿಗೆ ಅವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಅವಳು "ನಮಸ್ಕಾರ, ಚಳಿ ಜಾಸ್ತಿಯಾಯ್ತಲ್ವಾ" ಎಂದಾಗ ಉತ್ತರ ಕೊಡದೆ ಮುಖ ತಿರುಗಿಸಿದರು. ಸಂಜೆಯೊಳಗೆ ಇಡೀ ಬೀದಿ ಮುಖ ತಿರುಗಿಸಿತು. ಸಾರ್ವಜನಿಕ ಸ್ನಾನದ ಮನೆಗೆ ಅಮ್ಮ ಕಾಲಿಟ್ಟರೆ ಹೆಂಗಸರು ನೊರೆ ಮೈಯಲ್ಲೇ ಎದ್ದು ಹೋಗುತ್ತಿದ್ದರು. ತರಕಾರಿಯವನು ಮೂಲಂಗಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಒಳಗೆ ನಡೆಯುತ್ತಿದ್ದ. ಅಮ್ಮ ಮಾತ್ರ ಸಾಯುವವರೆಗೂ ಪ್ರತಿ ಬೆಳಿಗ್ಗೆ ಬೀದಿಯ ಒಬ್ಬೊಬ್ಬರಿಗೂ ನಮಸ್ಕಾರ ಹೇಳುತ್ತಲೇ ಹೋದಳು. ಶಾಲೆಯ ಚೀಲ ಹೊತ್ತು ಅವಳ ಪಕ್ಕದಲ್ಲಿ ನಡೆಯುತ್ತಿದ್ದ ನಾನು ಮುಖಗಳನ್ನು ಗಮನಿಸುವುದನ್ನು ಕಲಿತೆ. ಯಾರಾದರೂ ಸಹಜವಾಗಿ ಕೆಮ್ಮಿದರೂ ಇಂದಿಗೂ ತಿರುಗಿ ಅವರ ಮುಖ ನೋಡುತ್ತೇನೆ. ಅದು ಆಗ ಅಂಟಿದ ರೋಗ.

ಆಮೇಲೆ ಜಿಲ್ಲಾ ನಗರಕ್ಕೆ ಹೋಗಿ ಕಲಾಶಾಲೆಯಲ್ಲಿ ಓದಿದೆ. ಮದುವೆಯಾಗಿ ಗಂಡನ ಮನೆತನದ ಹೆಸರಿನಿಂದ ಕಿರಿಯಾಮಾ ಆದೆ. ಮದುವೆ ಉಳಿಯಲಿಲ್ಲ, ಹೆಸರು ಉಳಿಯಿತು. ಒಂದು ವಿನ್ಯಾಸ ಕಚೇರಿಯಲ್ಲಿ ಸೇರಿ ಉಪ್ಪಿನಕಾಯಿ ಪೊಟ್ಟಣ, ರೈಲು ನಿಲ್ದಾಣದ ಭಿತ್ತಿಪತ್ರಗಳಿಗೆ ಚಿತ್ರ ಬರೆಯುತ್ತಿದ್ದೆ. ಅಲ್ಲಿಗೆ ಒಂದು ದಿನ ಯುನೊಸೆ ವಸತಿಗೃಹಗಳ ಸಂಘದಿಂದ ಕೆಲಸ ಬಂತು. ಪ್ರವಾಸಿಗರು ನೆನಪಿಗೆ ಕೊಂಡೊಯ್ಯಲು ಹನಾಫುದಾ, ಅಂದರೆ ಹನ್ನೆರಡು ತಿಂಗಳಿಗೂ ಬೇರೆ ಬೇರೆ ಚಿತ್ರಗಳಿರುವ ನಮ್ಮ ಹಳೆಯ ಹೂವಿನ ಇಸ್ಪೀಟು, ಊರಿನ ಚಿತ್ರಗಳೊಂದಿಗೆ ಹೊಸದಾಗಿ ಆಗಬೇಕಂತೆ. ಸಂಘದ ಅಧ್ಯಕ್ಷರು ಓತಾಕಿ. "ಈ ಕೆಲಸ ನನಗೆ ಕೊಡಿ" ಎಂದು ನಾನು ಕೇಳಿದಾಗ ದನಿ ನಡುಗಿತು. ಕೆಲಸದ ಉತ್ಸಾಹ ಎಂದುಕೊಂಡು ಕಚೇರಿಯವರು ಕೊಟ್ಟರು.

ಯುನೊಸೆಯಲ್ಲೇ ಕೆಳಗಿನ ಸೇತುವೆ ಪಕ್ಕ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಯಾರೂ ಗುರುತು ಹಿಡಿಯಲಿಲ್ಲ. ಅವರು ಆಗಲೂ ನನ್ನ ಮುಖ ನೋಡಿರಲಿಲ್ಲವಲ್ಲ.

ಚಿತ್ರಕ್ಕೆಂದು ಹೇಳಿ ಎಲ್ಲ ವಸತಿಗೃಹಗಳ ಸ್ನಾನದ ಕೊಳಗಳಿಗೂ ಇಳಿದೆ. ಬೆರಳಿಗೆ ಬೆಳ್ಳಿಯ ಉಂಗುರ ಹಾಕಿಕೊಂಡೇ ಇಳಿದೆ. ಯುನೊಸೆಯ ಬುಗ್ಗೆಯ ಗಂಧಕದ ನೀರು ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಸುಯಿಗೆತ್ಸುವಿನಲ್ಲಿ ಉಂಗುರ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಓತಾಕಿ ಈಚೆಗೆ ಆಳದ ಬಾವಿ ಕೊರೆಸಿದ್ದರು. ಉಳಿದ ಬಹುತೇಕ ಕಡೆ ಉಂಗುರ ಉಜ್ಜಿ ಹಾಕಿಕೊಂಡಾಗ ಹೇಗಿತ್ತೋ ಹಾಗೇ ಹೊಳೆಯಿತು. ಅದನ್ನು ನೋಡಿ ನನಗೆ ನಗು ಬಂತು. ಎದುರು ಕೂತ ಅಜ್ಜಿ, "ಸುಖವಾಗಿದೆಯಲ್ವೇ ನೀರು?" ಎಂದಳು. "ತುಂಬಾ" ಎಂದೆ.

ಕರಡು ಚಿತ್ರಗಳನ್ನು ಒಪ್ಪಿಸಲು ಸಂಘದ ಕಚೇರಿಗೆ ಹೋದಾಗ ಓತಾಕಿ ಕನ್ನಡಕ ಏರಿಸಿ ಒಂದೊಂದೇ ಎಲೆ ಎತ್ತಿ ನೋಡಿದರು. ಗುಮಾಸ್ತೆ ಮಿನೆ ಅಕ್ಕ ಚಹಾ ತಂದಿಟ್ಟು ಹಿಂದೆ ನಿಂತಳು.

"ಇದೇನ್ರೀ, ಚಂದ್ರ ಇರೋ ಜಾಗದಲ್ಲಿ ಮೊಟ್ಟೆ?"

"ಬುಗ್ಗೆಯಲ್ಲಿ ಬೇಯಿಸಿದ್ದು, ಅಧ್ಯಕ್ಷರೇ. ಎಂಟನೇ ತಿಂಗಳಿಗೆ."

"ಭೇಷ್! ನೋಡಿದ್ರೆ ಹಸಿವಾಗ್ಬೇಕು ಜನಕ್ಕೆ. ಈ ಹಂದಿ?"

"ಏಳನೇ ತಿಂಗಳು. ನಿಮ್ಮೂರ ಹಂದಿ ಮಾಂಸದ ಸಾರಿನ ಸಲುವಾಗಿ."

"ಪಾಪ, ಅದಕ್ಕೆ ಗೊತ್ತಿಲ್ಲ, ಎಷ್ಟು ಠೀವಿಯಿಂದ ನಿಂತಿದೆ ನೋಡಿ." ಅವರು ನಕ್ಕು, ಆಮೇಲೆ ಗಂಟಲು ಸರಿಮಾಡಿಕೊಂಡರು. "ಒಂದು ಮಾತು. ನಮ್ಮ ಸುಯಿಗೆತ್ಸುವಿನ ಲಾಂಛನ ಎಲ್ಲಾದ್ರೂ ಒಂದು ಕಡೆ… ನಾನು ಹೇಳ್ದೆ ಅಂತಲ್ಲ. ಅಧ್ಯಕ್ಷ ಆದವನದ್ದೇ ಇಲ್ಲ ಅಂದ್ರೆ ನೋಡಿದೋರು ಏನಂದ್ಕೋತಾರೆ?"

ಇದನ್ನು ನಾನು ಕಾಯುತ್ತಿದ್ದೆ. "ಒಂಬತ್ತನೇ ತಿಂಗಳ ಎಲೆಯಲ್ಲಿರುವ ಸಾಕೆ ಮದ್ಯದ ಬಟ್ಟಲ ಮೇಲೆ ಹಾಕಬಹುದು. ಇಲ್ಲವೇ ಹತ್ತನೇ ತಿಂಗಳಲ್ಲಿ ಮೇಪಲ್ ಮರದ ಕೆಳಗೆ ಜಿಂಕೆ ನಿಂತಿರುತ್ತದೆ. ಅದಕ್ಕೆ ನಿಮ್ಮ ವಸತಿಗೃಹದ ನೀಲಿ ಕೋಟು ತೊಡಿಸಬಹುದು."

"ಜಿಂಕೆ! ದೇವರ ಜಿಂಕೆ. ಕೆಂಪೆಲೆ ಕಾಲ ಅಂದ್ರೆ ನಮ್ಮ ಸುಗ್ಗಿ. ಜಿಂಕೆಗೇ ಹಾಕಿ."

ಹಾಕಿದೆ. ಮುಂದಿನ ವಾರ ತಂದ ಎಲೆಯಲ್ಲಿ, ಅಲೆಯ ಮೇಲೆ ಅರ್ಧಚಂದ್ರವಿರುವ ಲಾಂಛನದ ನೀಲಿ ಕೋಟು ತೊಟ್ಟ ಜಿಂಕೆ ಗದ್ದ ಮೇಲೆತ್ತಿ, ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿತ್ತು. ಕಿವಿಯ ಹಿಂದಿನ ಚರ್ಮದ ಮಡಿಕೆಯನ್ನೂ ಬಿಟ್ಟಿರಲಿಲ್ಲ. ಓತಾಕಿ ತೋಳುದ್ದ ದೂರ ಹಿಡಿದು ನೋಡಿ, "ಗಾಂಭೀರ್ಯ ಇದೆ" ಎಂದು ಮೊಹರು ಒತ್ತಿ ಊಟಕ್ಕೆ ಹೋದರು.

ಮಿನೆ ಅಕ್ಕ ಲೋಟಗಳನ್ನು ಎತ್ತುತ್ತಾ ಮೆಲ್ಲಗೆ ಹೇಳಿದಳು. "ತಾಯಿ, ಈ ಜಿಂಕೆ ಹೀಗೇ ಇರಬೇಕಾ?"

"ಹಳೇ ಎಲೆಯಲ್ಲೂ ಜಿಂಕೆ ಮುಖ ತಿರುಗಿಸಿಕೊಂಡೇ ಇರತ್ತಲ್ಲ, ಅಕ್ಕ."

"ಇರತ್ತೆ. ಅದರಿಂದಲೇ ಶಿಕಾತೊ ಅನ್ನೋ ಮಾತು ಹುಟ್ಟಿದ್ದು ಅಂತ ನಂಗೂ ಗೊತ್ತು. ಆದ್ರೆ ಹಳೇ ಜಿಂಕೆಗೆ ಈ ಗದ್ದ ಇರಲಿಲ್ಲ."

ಶಿಕಾ ಎಂದರೆ ಜಿಂಕೆ, ತೊ ಎಂದರೆ ಹತ್ತು. ಎದುರಿಗಿರುವವರನ್ನು ಇಲ್ಲವೇ ಇಲ್ಲ ಎಂಬಂತೆ ನಡೆಸಿಕೊಳ್ಳುವುದಕ್ಕೆ ನಮ್ಮ ಶಾಲೆಯ ಮಕ್ಕಳೂ 'ಶಿಕಾತೊ' ಎನ್ನುತ್ತಾರೆ. ಆ ಮಾತು ಹತ್ತನೇ ತಿಂಗಳ ಈ ಎಲೆಯಿಂದ ಬಂದದ್ದೆಂದು ಇಸ್ಪೀಟು ಆಡುವವರಿಗೆ ಗೊತ್ತು, ಆಡದವರಿಗೆ ಗೊತ್ತಿಲ್ಲ.

"ಅಧ್ಯಕ್ಷರಿಗೆ ಹೇಳ್ತೀರಾ?" ಎಂದು ಕೇಳಿದೆ.

"ನಾನ್ಯಾಕೆ ಹೇಳ್ಲಿ? ಅವರಮ್ಮ ಜೂಜುಕೋರರ ಆಟ ಅಂತ ಈ ಎಲೆಗಳನ್ನ ಹೊಸ್ತಿಲು ದಾಟೋಕೆ ಬಿಡ್ತಿರಲಿಲ್ಲ. ದೊಡ್ಡ ಮನೆತನ! ಅನುಭವಿಸಲಿ." ಅವಳು ನನ್ನ ಮುಖವನ್ನು ತುಸು ಹೊತ್ತು ನೋಡಿದಳು. "ನಿಮ್ಮ ಕಣ್ಣು ಯಾರದೋ ಹಾಗಿದೆ" ಎಂದಳು. ಯಾರದೆಂದು ಹೇಳಲಿಲ್ಲ. ಅಮ್ಮ ನಮಸ್ಕಾರ ಎಂದಾಗ ಚಹಾಪುಡಿಯ ಡಬ್ಬಿಯೊಳಗೆ ಕಣ್ಣು ನೆಟ್ಟು ನಿಂತವರಲ್ಲಿ ಈ ಮಿನೆಯೂ ಒಬ್ಬಳು. ನಾನೂ ಹೇಳಲಿಲ್ಲ.

ಎಲೆಗಳು ಬೇಸಿಗೆ ರಜೆಗೆ ಮಾರುಕಟ್ಟೆಗೆ ಬಂದವು. ಮೊದಲ ವಾರ ಜನ ಮೊಟ್ಟೆ ಚಂದ್ರನನ್ನು ನೋಡಿ ನಕ್ಕರು. ಆಮೇಲೆ, ಬೀದಿ ಬದಿಯ ಕಾಲುಸ್ನಾನದ ತೊಟ್ಟಿಯಲ್ಲಿ ಪಾದ ಇಳಿಬಿಟ್ಟುಕೊಂಡು ಇಸ್ಪೀಟು ಆಡುವ ಮುದುಕರಲ್ಲಿ ಒಬ್ಬ ಜಿಂಕೆಯ ಎಲೆಯನ್ನು ಪಟ್ಟೆಂದು ಬಡಿದು, "ಬಂದ್ರು ನೋಡಪ್ಪ ಸುಯಿಗೆತ್ಸು ಯಜಮಾನ್ರು! ನಾವೆಲ್ಲ ಅವರ ಕಣ್ಣಿಗೆ ಕಾಣಲ್ಲ!" ಎಂದ. ನಾನು ಪಕ್ಕದಲ್ಲೇ ಕಾಲು ತೋಯಿಸುತ್ತ ಕೂತಿದ್ದೆ. ಇನ್ನೊಬ್ಬ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದ. "ಹೌದಲ್ಲೋ! ಅದೇ ಕತ್ತು! ಫುಸಾಯೆ ಸಾವಿನ ಮನೇಲಿ ಹಿಂಗೇ ನಿಂತಿದ್ದ!"

ನನ್ನ ತಾಯಿಯ ಹೆಸರನ್ನು ಆ ಬೀದಿಯಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಿ ಎಷ್ಟೋ ವರ್ಷಗಳಾಗಿದ್ದವು. ಬಿಸಿ ನೀರಿನಲ್ಲಿದ್ದರೂ ನನ್ನ ಪಾದ ತಣ್ಣಗಾಯಿತು.

ಅಲ್ಲಿಂದ ಮಾತು ತಾನಾಗಿ ನಡೆಯಿತು. ಸಿಹಿಕಡುಬಿನ ಅಂಗಡಿಯವಳು ಜಿಂಕೆಯ ಎಲೆಯನ್ನು ದೊಡ್ಡದು ಮಾಡಿಸಿ ಗಾಜಿಗೆ ಅಂಟಿಸಿದಳು. ಓತಾಕಿ ನಡೆದು ಹೋದರೆ ಹಿಂದೆ ಮಕ್ಕಳು ಕತ್ತು ತಿರುಚಿಕೊಂಡು ನಡೆಯುತ್ತಿದ್ದವು. ಸಂಘದ ಔತಣದಲ್ಲಿ ಉಳಿದ ಯಜಮಾನರು ಸಾಕೆ ಬಗ್ಗಿಸುತ್ತ, "ಅಧ್ಯಕ್ಷರೇ, ಈ ಕಡೆ ಸ್ವಲ್ಪ ನೋಡಿ, ಬಟ್ಟಲು ಇಲ್ಲಿದೆ!" ಎಂದು ಕಾಲೆಳೆಯುತ್ತಿದ್ದರಂತೆ. ಅಮ್ಮನಿಗೆ ಬೆನ್ನು ತಿರುಗಿಸಿದ್ದ ಅದೇ ಯಜಮಾನರು! ನಗುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಎಲೆಯಲ್ಲಿ ಜಿಂಕೆ ಒಂದೇ ಇತ್ತಲ್ಲ, ಅದಕ್ಕೆ.

ನಗೆ ನನಗೆ ಸಾಕಾಗಿರಲಿಲ್ಲ. ನಗೆಗೀಡಾದವನಿಗೂ ಜನ ಉತ್ತರ ಕೊಡುತ್ತಾರೆ.

ಕೆಂಪೆಲೆ ಕಾಲಕ್ಕೆ ಎರಡನೇ ಮುದ್ರಣ ಆಗಬೇಕಿತ್ತು. ಒಂದು ಮಧ್ಯಾಹ್ನ ಓತಾಕಿ ಒಬ್ಬರೇ ನನ್ನ ಕೋಣೆಗೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಹಾಸುಚಾಪೆಯ ಮೇಲೆ ಮಂಡಿಯೂರಿ ಕೂತು, ಚಹಾ ಮುಟ್ಟದೆ ಹೇಳಿದರು. "ನೀವು ಫುಸಾಯೆಯ ಮಗಳು. ಮಿನೆ ಹೇಳಿದ್ಲು."

"ಹೌದು."

"ಜಿಂಕೆ ಕತ್ತು ಈಚೆ ತಿರುಗಿಸಿ ಕೊಡಿ."

"ಬೇರೆ ಯಾರ ಕೈಲಾದ್ರೂ ಬರೆಸಬಹುದಲ್ಲ, ಅಧ್ಯಕ್ಷರೇ."

"ಬರೆಸಬಹುದು. ಆಮೇಲೆ ಓತಾಕಿ ನಾಚಿಕೆಗೆ ಜಿಂಕೆ ಕತ್ತು ತಿರುಗಿಸ್ದ ಅಂತ ಅದಕ್ಕೊಂದು ನಗ್ತಾರೆ. ಬರೆದವರೇ ತಪ್ಪಾಗಿತ್ತು ಅಂತ ಹೇಳಿದ್ರೆ ಮುಗೀತು."

"ಹೇಳ್ತೀನಿ. ಆದ್ರೆ ನೀವೂ ಒಂದು ಮಾತು ಹೇಳ್ಬೇಕು. ಸಂಘದ ಸಭೆಯಲ್ಲಿ, ಎಲ್ಲರ ಮುಂದೆ. ಅಮ್ಮ ಹೇಳಿದ್ದು ನಿಜ, ನೀರು ನಲ್ಲಿಯದು ಅಂತ."

ಅವರ ಮುಖ ಕೆಂಪಾಯಿತು. "ಬರೀ ಒಂದು ಕತ್ತು ತಿರುಗಿಸೋದಕ್ಕೆ ಇಷ್ಟಾ?"

"ಬರೀ ಒಂದು ಕತ್ತು ತಿರುಗಿದ್ದಕ್ಕೇ ಅಲ್ವಾ ಅಷ್ಟೂ ಆಗಿದ್ದು."

ಸೇತುವೆಯ ಮೇಲೆ ಯಾರದೋ ಕಟ್ಟಿಗೆಯ ಚಪ್ಪಲಿ ಟಕಟಕ ಎಂದು ಹೋಯಿತು. ಅವರು ಲೆಕ್ಕ ಹಾಕುವುದು ನನಗೆ ಕಾಣುತ್ತಿತ್ತು. ಅದು ಹಳೆಯ ಕಾಲದ ಮಾತು, ಈಗ ತಮ್ಮ ನೀರು ಅಪ್ಪಟ. ಧೈರ್ಯವಂತ ಎಂದು ಜನ ಮೆಚ್ಚಲೂಬಹುದು.

"ಏನು ಹೇಳ್ಬೇಕು, ನೀವೇ ಹೇಳಿ" ಎಂದರು ಕೊನೆಗೆ. "ನನಗೆ ಬರೆದುಕೊಂಡು ಓದಿ ಅಭ್ಯಾಸ."

ನಾನು ನಿಧಾನವಾಗಿ ಹೇಳಿದೆ: "ಆ ದಿನಗಳಲ್ಲಿ ನಮ್ಮ ಮನೆಯ ನೀರು ಬುಗ್ಗೆಯದಾಗಿರಲಿಲ್ಲ. ಫುಸಾಯೆ ಹೇಳಿದ್ದು ನಿಜ. ನಾನು ಸುಳ್ಳು ಹೇಳಿದೆ."

ಬರೆಯುತ್ತಿದ್ದ ಅವರ ಕೈ ನಿಂತಿತು. ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಆ ಕಾಲದಲ್ಲಿ ಸುಯಿಗೆತ್ಸುವಿನ ಹಿಂದಿನ ಒಂದೇ ದೊಡ್ಡ ಒಲೆಯಿಂದ ಇಡೀ ಬೀದಿಗೆ ಕಾಯಿಸಿದ ನೀರಿನ ಕೊಳವೆ ಹೋಗುತ್ತಿತ್ತೆಂದು ಅಮ್ಮ ನನಗೆ ಹೇಳಿದ್ದಳು. ಪಾಲುದಾರರಿರುವಾಗ ಪಾಪವನ್ನು ಒಬ್ಬನೇ ಹೊರುವ ಮನುಷ್ಯ ಅಲ್ಲ ಇವರು.

"ನಮ್ಮ ಮನೆಯ ನೀರು ಅಂತ ಯಾಕೆ?" ಎಂದರು. "ನಮ್ಮೊಬ್ಬರದ್ದೇ ಅಲ್ಲವಲ್ಲ. 'ನಮ್ಮ ಬೀದಿಯ ನೀರು' ಅಂತ ಇರಲಿ."

"ಅದು… ಬೇಡವೇನೋ. ಬೇರೆಯವರಿಗೆ ಬೇಜಾರಾಗಬಹುದು."

"ಆಗ್ಲಿ. ನನ್ನ ಕತ್ತಿಗೆ ನಗೋರು ಅವರೇ ತಾನೆ? 'ಬೀದಿಯ' ಅಂತಲೇ ಹೇಳೋದು. ಇಲ್ಲಾಂದ್ರೆ ಹೇಳಲ್ಲ."

ನಾನು ತಲೆ ತಗ್ಗಿಸಿ, ಚಹಾ ಲೋಟವನ್ನು ಒಮ್ಮೆ ಸುತ್ತ ತಿರುಗಿಸಿ, "ನಿಮ್ಮಿಷ್ಟ" ಎಂದೆ.

ಸಭೆಗೆ ಎರಡನೇ ಮುದ್ರಣದ ಸುದ್ದಿ ಬರೆಯಲೆಂದು ಸ್ಥಳೀಯ ಪತ್ರಿಕೆಯ ವರದಿಗಾರ್ತಿಯೊಬ್ಬಳು ಬಂದಿದ್ದಳು. ನಾನೇ ಹೇಳಿ ಕಳಿಸಿದ್ದೆ. ಮೊದಲು ನಾನು ಎದ್ದು, ಜಿಂಕೆಯ ಕತ್ತು ತಿರುಗಿರುವುದು ನನ್ನ ಕೈತಪ್ಪು, ಸರಿಪಡಿಸುತ್ತೇನೆ ಎಂದು ಬಾಗಿ ಕ್ಷಮೆ ಕೇಳಿದೆ. ಯಾರೋ ಕಿಸಕ್ಕೆಂದರು. ಆಮೇಲೆ ಓತಾಕಿ ಎದ್ದರು. ಚೀಟಿ ಬಿಚ್ಚಿ, ಉದ್ಘಾಟನೆಯ ಭಾಷಣದ ದನಿಯಲ್ಲಿ ಓದಿದರು.

"ಆ ದಿನಗಳಲ್ಲಿ ನಮ್ಮ ಬೀದಿಯ ನೀರು ಬುಗ್ಗೆಯದಾಗಿರಲಿಲ್ಲ. ಫುಸಾಯೆ ಹೇಳಿದ್ದು ನಿಜ. ನಾನು ಸುಳ್ಳು ಹೇಳಿದೆ."

ಅವರು ಚಪ್ಪಾಳೆಗೆ ಕಾದರೋ ಏನೋ, ಸ್ವಲ್ಪ ಹೊತ್ತು ನಿಂತೇ ಇದ್ದರು. ಯಾರೂ ಅಲ್ಲಾಡಲಿಲ್ಲ. ವರದಿಗಾರ್ತಿ ತಲೆ ಎತ್ತಿ, "ಬೀದಿಯ ಅಂದ್ರೆ ಎಲ್ಲ ವಸತಿಗೃಹಗಳದ್ದಾ, ಸರ್? ಈಗ ಹೇಗಿದೆ?" ಎಂದು ಕೇಳಿದಳು.

"ನಮ್ಮಲ್ಲಂತೂ ಈಗ ಅಪ್ಪಟ" ಎಂದರು ಓತಾಕಿ.

ಆ 'ನಮ್ಮಲ್ಲಂತೂ' ಎಂಬ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದು ಅವರದೇ. ಹಳಸಿದ ಮೀನಿನ ತಟ್ಟೆ ಎದುರಿಗಿಟ್ಟಂತೆ ಒಬ್ಬೊಬ್ಬ ಯಜಮಾನನ ಮುಖವೂ ಮೆಲ್ಲಗೆ ಪಕ್ಕಕ್ಕೆ ಸರಿಯುವುದನ್ನು ನಾನು ಒಂದನ್ನೂ ಬಿಡದೆ ನೋಡಿದೆ.

ಪತ್ರಿಕೆಯಲ್ಲಿ ಬಂತು. ಆರೋಗ್ಯ ಇಲಾಖೆಯವರು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಕೆಂಪೆಲೆ ಕಾಲದಲ್ಲಿ ಬರಬೇಕಿದ್ದವರು ಬೇರೆ ಊರುಗಳಿಗೆ ಹೋದರು. ನಾಲ್ಕಾರು ಮನೆಗಳು ಕೊಳದ ಬಾಗಿಲಿಗೆ ಹಲಗೆ ಹೊಡೆದವು. ಮುಖ ಈಚೆ ತಿರುಗಿದ ಜಿಂಕೆಯ ಎಲೆಗಳು ಪೆಟ್ಟಿಗೆಗಳಲ್ಲೇ ಉಳಿದವು. ಸಂಘ ಓತಾಕಿಯ ರಾಜೀನಾಮೆಯನ್ನು ಕೇಳಲೂ ಇಲ್ಲ. ಅವರಿಗೆ ತಿಳಿಸದೆ ಸಭೆ ಸೇರಿ ಬೇರೊಬ್ಬರನ್ನು ಆರಿಸಿಕೊಂಡಿತು.

ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತೇ ಎಂದು ನನ್ನನ್ನು ಕೇಳಿದವಳು ಮಿನೆ ಅಕ್ಕ ಒಬ್ಬಳೇ. ಅಂಗಡಿಯ ಮುಂದೆ ಕೈ ಹಿಡಿದು ನಿಲ್ಲಿಸಿ, "ಜಿಂಕೆಗೆ ಸಾಕು ಮಾಡಬಹುದಿತ್ತಲ್ಲ ತಾಯಿ, ಬೀದಿಗೇ ಬೆಂಕಿ ಇಟ್ಯಲ್ಲ" ಎಂದಳು.

"ಬೆಂಕಿ ಬಿದ್ರೆ ಆರಿಸೋಕೆ ಎಲ್ಲರೂ ಬರಬೇಕು ಅಲ್ವಾ ಅಕ್ಕ? ಬನ್ನಿ, ಆರಿಸಿ" ಎಂದೆ. ಅವಳು ಕೈ ಬಿಟ್ಟಳು.

ನಾನು ನಗರಕ್ಕೆ ವಾಪಸು ಹೋಗಲಿಲ್ಲ. ಕೆಲಸವನ್ನು ಅಂಚೆಯಲ್ಲಿ ತರಿಸಿಕೊಂಡು ಸೇತುವೆಯ ಪಕ್ಕದ ಕೋಣೆಯಲ್ಲೇ ಉಳಿದೆ. ಬೀದಿ ನನ್ನ ಜೊತೆ ಮಾತಾಡುವುದಿಲ್ಲ, ಅದು ನನಗೆ ಹಳೆಯ ಅಭ್ಯಾಸ. ಪ್ರತಿ ಬೆಳಿಗ್ಗೆ ಸುಯಿಗೆತ್ಸುವಿನ ಮುಂದಿನಿಂದ ನಡೆದು ಹೋಗುತ್ತೇನೆ. ಓತಾಕಿ ಪೊರಕೆ ಹಿಡಿದು ತಾವೇ ಎಲೆ ಗುಡಿಸುತ್ತಿರುತ್ತಾರೆ. ಕೆಲಸದವರು ಬಿಟ್ಟು ಹೋಗಿದ್ದಾರೆ. ತರಕಾರಿಯವನು ಬರುತ್ತಾನೆ. "ನಮಸ್ಕಾರ, ಇವತ್ತು ಮೋಡ" ಎನ್ನುತ್ತಾರೆ ಓತಾಕಿ. ಅವನು ಗಾಡಿಯ ಚಕ್ರ ನೋಡುತ್ತ ಹೋಗುತ್ತಾನೆ. ಸಿಹಿಕಡುಬಿನವಳು ಬರುತ್ತಾಳೆ. ಅವಳಿಗೂ ನಮಸ್ಕಾರ. ಅವಳು ಕೊಡೆ ಬಿಚ್ಚಿ ಅಡ್ಡ ಹಿಡಿಯುತ್ತಾಳೆ.

ಮೊದಲ ದಿನ ನಾನು ಎದುರಾದಾಗ ಅವರು ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನಮಸ್ಕಾರ ಎನ್ನಲೂ ಧೈರ್ಯವಾಗಲಿಲ್ಲ. ನಾನೇ, "ನಮಸ್ಕಾರ, ಓತಾಕಿಯವರೇ. ಚಳಿ ಶುರುವಾಯ್ತು" ಎಂದೆ. ಅವರ ಕಣ್ಣು ತುಂಬಿ ಬಂತು. "ಹೌದಮ್ಮ, ಹೌದು, ಶುರುವಾಯ್ತು" ಎಂದು ತಡವರಿಸಿದರು. ತಿಂಗಳಿಡೀ ಅವರಿಗೆ ಸಿಕ್ಕ ಮೊದಲ ಮಾತು ಅದಿರಬೇಕು.

ಈಗ ದಿನವೂ ನಾನು ಸೇತುವೆ ದಾಟುವುದರೊಳಗೆ ಅವರು ಬಾಗಿಲ ಮುಂದೆ ಬಂದು ನಿಂತಿರುತ್ತಾರೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತ ನನ್ನ ದಾರಿ ಕಾಯುತ್ತಾರೆ. ತಡವಾದರೆ ಬೀದಿಯ ತಿರುವಿನವರೆಗೆ ಬಂದು ಇಣುಕುತ್ತಾರೆ. ನಾನು ಹತ್ತಿರ ಬರುವಷ್ಟು ಹೊತ್ತೂ ಅವರ ದೃಷ್ಟಿ ನನ್ನ ಬಾಯಿಯ ಮೇಲೆಯೇ ಇರುತ್ತದೆ. ಉತ್ತರ ಬರುತ್ತದೋ ಇಲ್ಲವೋ ಎಂಬ ಆ ಹೆದರಿಕೆಯನ್ನು ನಾನು ಹುಡುಗಿಯಾಗಿದ್ದಾಗ ಅಮ್ಮನ ಮುಖದಲ್ಲಿ ಓದಿದ್ದೆ. ಅಕ್ಷರ ಅಕ್ಷರವೂ ಗೊತ್ತು.

ಹತ್ತಿರ ಬಂದು, ಒಂದು ಉಸಿರಿನಷ್ಟು ತಡೆದು, ನಮಸ್ಕಾರ ಎನ್ನುತ್ತೇನೆ. ಈವರೆಗೆ ಒಂದು ದಿನವೂ ತಪ್ಪಿಸಿಲ್ಲ. ಯಾವತ್ತು ಬೇಕಾದರೂ ತಪ್ಪಿಸಬಹುದು, ಅದು ಅವರಿಗೂ ಗೊತ್ತು.